ಮೂರು ವರ್ಷದ ಭಾನುವಾರಗಳು

"ಅಪ್ಪಾ, ಮಂಗಳವಾರ ಉಗುರು ಕತ್ತರಿಸಬಾರದು ಅಂತ ಯಾರು ಹೇಳಿದ್ದು?" ಹಿಲ್ಸ್‌ಬರೋದ ನಮ್ಮ ಮನೆಯಲ್ಲಿ ಕಳೆದ ಚಳಿಗಾಲದಲ್ಲಿ ಎದ್ದ ಪ್ರಶ್ನೆ ಇದು. "ದೊಡ್ಡವರು ಹೇಳಿದ್ದಾರೆ" ಎಂದೆ. "ಅವರಿಗೆ ಹೇಗೆ ಗೊತ್ತು?" ಎಂದಳು ಮಗಳು. ಉತ್ತರ ಹೊಳೆಯದೆ ಗದರಿಸಿಬಿಟ್ಟೆ. ಗದರಿಕೆ ಉತ್ತರವಲ್ಲವೆಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ನಿಮ್ಮ ಮನೆಗಳಲ್ಲೂ ಇಂಥದ್ದು ನಡೆದಿರಬಹುದು.

ಆ ರಾತ್ರಿ ಕಾಲೇಜಿನ ದಿನಗಳಲ್ಲಿ ಓದಿದ್ದ ಒಂದು ಸಂಖ್ಯೆ ನೆನಪಾಯಿತು. 67 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಅದರಲ್ಲಿ 1 ಕಳೆಯಿರಿ. 147573952589676412927 ಎಂಬ 21 ಅಂಕಿಗಳ ಸಂಖ್ಯೆ ಬರುತ್ತದೆ. ಇದು ಅವಿಭಾಜ್ಯ ಸಂಖ್ಯೆ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದು ಎಂದು 1644ರಲ್ಲಿ ಫ್ರಾನ್ಸಿನ ಪಾದ್ರಿ ಮರಿನ್ ಮರ್ಸೆನ್ ಬರೆದಿಟ್ಟರು. ದೊಡ್ಡವರ ಮಾತಲ್ಲವೆ, ಇನ್ನೂರು ವರ್ಷಕ್ಕೂ ಮೇಲೆ ನಿಂತಿತು! 1876ರಲ್ಲಿ ಎದ್ವಾರ್ ಲೂಕಾ ಅದು ತಪ್ಪೆಂದು ತೋರಿಸಿದರು. ಆದರೆ ಯಾವುದರಿಂದ ಭಾಗವಾಗುತ್ತದೆಂದು ಹೇಳಲು ಅವರಿಗೂ ಆಗಲಿಲ್ಲ.

ಮುಂದಿನ ಕಥೆ ನಡೆದದ್ದು ನಮ್ಮ ಪಕ್ಕದ ನ್ಯೂಯಾರ್ಕಿನಲ್ಲಿ. 1903ರ ಅಕ್ಟೋಬರಿನಲ್ಲಿ ಅಮೆರಿಕನ್ ಗಣಿತ ಸಂಘದ ಸಭೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಫ್ರಾಂಕ್ ನೆಲ್ಸನ್ ಕೋಲ್ ಎದ್ದು, ಒಂದು ಮಾತೂ ಆಡದೆ, ಬೋರ್ಡಿನ ಒಂದು ಕಡೆ ಆ ಸಂಖ್ಯೆಯನ್ನು ಬರೆದರಂತೆ. ಇನ್ನೊಂದು ಕಡೆ 193707721ನ್ನು 761838257287ರಿಂದ ಕೈಯಲ್ಲೇ ಗುಣಿಸಿದರಂತೆ. ಎರಡೂ ಒಂದೇ! ಸಭೆ ಚಪ್ಪಾಳೆ ತಟ್ಟಿತು. ಇದಕ್ಕೆ ಎಷ್ಟು ಕಾಲ ಹಿಡಿಯಿತೆಂದು ಕೇಳಿದವರಿಗೆ, ಮೂರು ವರ್ಷದ ಭಾನುವಾರಗಳು ಎಂದರೆಂದು ಪ್ರತೀತಿ.

ಮರುದಿನ ಮಗಳಿಗೆ ಈ ಕಥೆ ಹೇಳಿ, ಎರಡು ಸಂಖ್ಯೆಗಳನ್ನೂ ಬರೆದುಕೊಟ್ಟೆ. ಮನೆಯ ಪುಟ್ಟ ಕ್ಯಾಲ್ಕುಲೇಟರಿನಲ್ಲಿ ಇಷ್ಟು ಅಂಕಿ ಹಿಡಿಸುವುದಿಲ್ಲ, ಪೆನ್ಸಿಲ್ಲೇ ಗತಿ. ಎರಡು ಸಲ ತಪ್ಪಿತು, ಮೂರನೆಯ ಸಲ ಸರಿಬಂತು. ಅವಳು ಕೋಲರ ಮಾತನ್ನೂ ನಂಬಬೇಕಾಗಿರಲಿಲ್ಲ, ನನ್ನ ಮಾತನ್ನೂ ನಂಬಬೇಕಾಗಿರಲಿಲ್ಲ.

ಇಂದಿಗೂ ಪದ್ಧತಿ ಇದೇ. 2024ರಲ್ಲಿ ಲ್ಯೂಕ್ ಡ್ಯುರಾಂಟ್ ಎಂಬುವರು ಕಂಡುಹಿಡಿದ ಅವಿಭಾಜ್ಯ ಸಂಖ್ಯೆಗೆ ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ. ಕಂಪ್ಯೂಟರ್ ಹೇಳಿತೆಂದು ಅದನ್ನೂ ಒಪ್ಪಲಿಲ್ಲ. ಬೇರೆ ಯಂತ್ರಗಳಲ್ಲಿ, ಬೇರೆ ಪ್ರೋಗ್ರಾಂಗಳಿಂದ ತಾಳೆ ನೋಡಿದ ಮೇಲೆಯೇ ಪ್ರಕಟಿಸಿದರು.

ಹಾಗೆಂದು ಹಿರಿಯರ ಮಾತನ್ನೆಲ್ಲ ತಳ್ಳಿಹಾಕಬೇಕೆ? ಅಲ್ಲ. "ತಪ್ಪು" ಎನ್ನಲು ಒಂದು ಕ್ಷಣ ಸಾಕು, ತೋರಿಸಲು ಅಷ್ಟೊಂದು ಭಾನುವಾರ ಬೇಕು. ಇದು ಮಕ್ಕಳಿಗೆ ಪಾಠ. ನಮಗೆ ಪಾಠವೆಂದರೆ, ತಾಳೆ ನೋಡದ ಮಾತನ್ನು ತಾಳೆ ನೋಡಿದ ಮಾತಿನಂತೆ ಗಟ್ಟಿಯಾಗಿ ಹೇಳಬಾರದು. ಮರ್ಸೆನ್ ಮಾಡಿದ ತಪ್ಪೂ ಅದೇ, ಆ ಚಳಿಗಾಲದ ದಿನ ನಾನು ಮಾಡಿದ್ದೂ ಅದೇ.

ಕೊನೆಗೆ ಮಗಳಿಗೆ ಹೇಳಿದೆ: "ಉಗುರಿನ ವಿಷಯ ನನಗೆ ಗೊತ್ತಿಲ್ಲಮ್ಮ. ನಿನ್ನ ಅಜ್ಜಿ ಹೇಳುತ್ತಿದ್ದಳು. ಅವಳ ನೆನಪಿಗೆ ನಾನು ಪಾಲಿಸುತ್ತೇನೆ, ಅಷ್ಟೆ." ಅವಳು ಮತ್ತೆ ಪ್ರಶ್ನೆ ಕೇಳಲಿಲ್ಲ. ಅಜ್ಜಿ ಇನ್ನೂ ಏನೇನು ಹೇಳುತ್ತಿದ್ದಳು ಎಂದು ಕೇಳಿದಳು.

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?