ಸವೆದ ಕೊಂಡಿಯೂ ಕಂಡವನ ಹೊಣೆಯೂ

ಯಂತ್ರದ ಭಾಗವೊಂದು ಸವೆಯುವುದು ಯಾರ ಅಪರಾಧವೂ ಅಲ್ಲ. ಮಾರ್ಪಾಡು ಪುದ್ಗಲದ ಸ್ವಭಾವ. ಸವೆದುದನ್ನು ಕಂಡ ಮೇಲೆ ಕಂಡವನ ಹೊಣೆ ಎಷ್ಟು ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ಬೆಂಗಳೂರಿನ ಬಾಗಲಗುಂಟೆಯು ಪೀಣ್ಯ ಕೈಗಾರಿಕಾ ಪ್ರದೇಶದ ನೆರೆಯ ಬಡಾವಣೆ. ಅಳತೆ ಕೊಟ್ಟರೆ ಬುಷ್, ಪಿನ್ನುಗಳನ್ನು ಕಡೆದು ಕೊಡುವ ಲೇತ್ ಅಂಗಡಿಗಳಿಗೆ ಪೀಣ್ಯದಲ್ಲಿ ಕೊರತೆಯಿಲ್ಲ. ಇಂತಹ ಕಡೆಯ ಗ್ಯಾರೇಜಿಗೆ ಹಳೆಯ ಅಂಬಾಸಿಡರ್ ಕಾರೊಂದು ಬಂದಿತೆಂದು ಭಾವಿಸಬಹುದು. ಹಿಂದೂಸ್ತಾನ್ ಮೋಟಾರ್ಸ್ ಈ ಗಾಡಿಯ ತಯಾರಿಕೆಯನ್ನು 2014ರಲ್ಲಿಯೇ ನಿಲ್ಲಿಸಿತು. ಮಾಲೀಕರ ದೂರು ಇಷ್ಟೇ: ಆಕ್ಸಿಲರೇಟರ್ ಒತ್ತಿದರೆ ಮೊದಲು ಏನೂ ಆಗದು, ಬಳಿಕ ಗಾಡಿ ಒಮ್ಮೆಲೇ ಜಿಗಿಯುತ್ತದೆ, ಕಾಲು ತೆಗೆದರೂ ಇಂಜಿನ್ನಿನ ಸದ್ದು ಕೂಡಲೇ ಇಳಿಯದು.

ಕಾರಣ ಸರಳವಾದುದು. ಕಾಲಿನ ಒತ್ತಡವು ಸರಳುಗಳ, ಲಿವರುಗಳ ಮೂಲಕ ಕಾರ್ಬ್ಯುರೇಟರಿನ ಥ್ರಾಟಲ್ ಕವಾಟವನ್ನು ತಲುಪುತ್ತದೆ. ವರ್ಷಾನುಗಟ್ಟಲೆ ಉಜ್ಜಿ ಉಜ್ಜಿ ಕೀಲಿನ ದುಂಡು ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಒಂದೊಂದು ಕೀಲಿನಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೂ ಎಲ್ಲವೂ ಕೂಡಿದಾಗ ಅದು ಕಾಲಿಗೆ ತಿಳಿಯುವಷ್ಟಾಗುತ್ತದೆ. ಲಿವರು ಓರೆಯಾಗಿ ಸಿಕ್ಕಿಕೊಂಡರೆ ಕವಾಟವು ತೆರೆದೇ ಉಳಿಯಬಹುದು.

ಇದಕ್ಕೆ ಎರಡು ಉಪಾಯಗಳುಂಟು. ಕೀಲಿಗೆ ತಂತಿ ಸುತ್ತಿ, ಇನ್ನೂ ಬಿರುಸಾದ ಸ್ಪ್ರಿಂಗೊಂದನ್ನು ಸಿಕ್ಕಿಸಿದರೆ ದೂರು ಅಂದೇ ಮಾಯವಾಗುತ್ತದೆ. ಆದರೆ ಆ ಸ್ಪ್ರಿಂಗಿನ ಎಳೆತವೇ ಸವೆತವನ್ನು ಹೆಚ್ಚಿಸುತ್ತದೆ. ಇನ್ನೊಂದು, ಲಿವರನ್ನು ಬಿಚ್ಚಿ, ತೂತನ್ನು ಸರಿಯಾಗಿ ಕೊರೆದು, ಬುಷ್ ಕೂಡಿಸಿ, ಹೊಸ ಪಿನ್ ಹಾಕುವುದು. ಬಳಿಕ ಇಂಜಿನ್ ನಿಲ್ಲಿಸಿ ಒಬ್ಬರು ಪೆಡಲ್ ಒತ್ತಿ ಬಿಡುತ್ತಿರಲು ಮತ್ತೊಬ್ಬರು ಕವಾಟವು ಪೂರ್ಣ ತೆರೆದು ಪೂರ್ಣ ಮುಚ್ಚುವುದೇ ಎಂದು ನೋಡುವುದು. ಇದಕ್ಕೆ ಹೊತ್ತು ಹಿಡಿಯುತ್ತದೆ, ಹಣವೂ ಹೆಚ್ಚು.

ನಡುದಾರಿಯಲ್ಲಿ ನಿಂತ ಗಾಡಿಯನ್ನು ಮನೆ ಮುಟ್ಟಿಸಲು ತಂತಿ ಕಟ್ಟಿದರೆ ತಪ್ಪಿಲ್ಲ, ಹಾಗೆಂದು ಹೇಳಿ ಕಟ್ಟಿದರೆ. ಅದನ್ನೇ ದುರಸ್ತಿಯೆಂದು ಲೆಕ್ಕ ಬರೆದು ಹಣ ಪಡೆದರೆ ಅದು ಪ್ರತಿರೂಪಕ ವ್ಯವಹಾರ, ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಒಂದು. ತುಪ್ಪಕ್ಕೆ ಎಣ್ಣೆ ಬೆರೆಸುವುದಷ್ಟೇ ಈ ಅತಿಚಾರವೆಂದು ವ್ಯಾಪಾರಿಗಳು ತಿಳಿದಿರುವುದು ಅವರಿಗೆ ಅನುಕೂಲವೇ! ಇತ್ತ ಮಾಲೀಕರೂ ನಿರ್ದೋಷಿಗಳಲ್ಲ. “ಓಡಿದರೆ ಸಾಕಪ್ಪ, ಖರ್ಚು ಕಡಿಮೆ ಮಾಡು” ಎಂದು ಚೌಕಾಶಿಗಿಳಿಯುವವರು ತಂತಿಯನ್ನು ತಾವೇ ಬೇಡಿದಂತೆ.

ಆದರೆ ಇದು ಕೇವಲ ಹಣದ ಮಾತಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಇರಿಸಿದೆ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವು ಇನ್ನೂ ಮುಂದೆ ಹೋಗಿ, ಜೀವ ಸಾಯಲಿ ಸಾಯದಿರಲಿ ಪ್ರಮಾದಿಗೆ ಹಿಂಸಾದೋಷ ತಪ್ಪದೆಂದೂ, ಎಚ್ಚರದಿಂದ ನಡೆದವನಿಗೆ ಜೀವಹಾನಿ ಆಕಸ್ಮಿಕವಾಗಿ ಒದಗಿದರೂ ಆ ದೋಷವಿಲ್ಲವೆಂದೂ ತಿಳಿಸುತ್ತದೆ. ತುಮಕೂರು ರಸ್ತೆಯಲ್ಲಿ ಮಕ್ಕಳು ದಾಟುತ್ತಿರುವಾಗ ಥ್ರಾಟಲ್ ಸಿಕ್ಕಿಕೊಂಡರೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ. ಏನೂ ಆಗದಿದ್ದರೆ? “ಏನೂ ಆಗಲಿಲ್ಲವಲ್ಲ” ಎಂಬ ಸಮಾಧಾನಕ್ಕೆ ಈ ಗ್ರಂಥಗಳಲ್ಲಿ ಎಡೆಯಿಲ್ಲ. ಬೆರಳಿನಿಂದ ಸರಳನ್ನು ಅಲುಗಾಡಿಸಿ ಸಡಿಲವನ್ನು ಅರಿತ ಕ್ಷಣದಿಂದ ಮೇಸ್ತ್ರಿಗೆ ಅಜ್ಞಾನದ ಆಶ್ರಯ ಇಲ್ಲವಾಗುತ್ತದೆ. ಅದನ್ನು ಕೇಳಿ ತಿಳಿದ ಮಾಲೀಕರಿಗೂ ಅಷ್ಟೇ.

ಬಾಡಿಗೆಯಿಂದಲೇ ಹೊಟ್ಟೆ ಹೊರೆಯುವ ಚಾಲಕನೊಬ್ಬನು ಒಂದು ದಿನದ ಗಳಿಕೆಯನ್ನೂ ಬಿಡಲಾರದವನಿದ್ದರೆ? ಪ್ರಶ್ನೆ ಕಠಿಣವೇ. ಬಣ್ಣ, ಸೀಟುಗಳ ಕೆಲಸವನ್ನು ಮುಂದಕ್ಕೆ ಹಾಕಿ ಈ ಕೀಲನ್ನು ಮೊದಲು ಮಾಡಬಹುದು, ಹಣವನ್ನು ಎರಡು ಕಂತಿನಲ್ಲಿ ಪಡೆಯಬಹುದು. ಅಷ್ಟರಲ್ಲಿ ಥ್ರಾಟಲ್ ಸಿಕ್ಕಿದರೆ ಕ್ಲಚ್ ಒತ್ತಿ, ಕೀಲಿಕೈ ತಿರುಗಿಸಿ ಇಂಜಿನ್ ನಿಲ್ಲಿಸಬೇಕೆಂದು ಅವನಿಗೆ ಕಲಿಸಬಹುದು. ದುರಸ್ತಿಯಾದ ದಿನ, ಬಿಚ್ಚಿದ ಹಳೆಯ ಪಿನ್ನನ್ನು ಅವನ ಅಂಗೈಯಲ್ಲಿರಿಸಿ ಸವೆದ ಕಡೆಯನ್ನು ತೋರಿಸಬಹುದು.