ಕ್ಷಮೆ: ಒಂದು ಪದ, ಹಲವು ಹೊಣೆ

ಬಸ್ಸಿನಲ್ಲಿ ಅರಿಯದೆ ಒಬ್ಬರ ಕಾಲು ತುಳಿದಾಗ ನಾವು ‘ಕ್ಷಮಿಸಿ’ ಎನ್ನುತ್ತೇವೆ. ಪಾಪನಿವೇದನೆಗೆಂದು ಮೊಣಕಾಲೂರಿದಾಗ ದೇವರಲ್ಲಿ ಬೇಡುವುದೂ ಕ್ಷಮೆಯನ್ನೇ. ಗಲ್ಲುಶಿಕ್ಷೆಗೆ ಗುರಿಯಾದ ಕೈದಿ ರಾಷ್ಟ್ರಪತಿಗಳಿಗೆ ಸಲ್ಲಿಸುವುದು ಕ್ಷಮಾದಾನದ ಅರ್ಜಿ. ಇಷ್ಟೊಂದು ಭಾರವನ್ನು ನಮ್ಮಲ್ಲಿ ಒಂದೇ ಪದ ಹೊತ್ತಿದೆ. ಇಂಗ್ಲಿಷಿನಲ್ಲಾದರೋ ಎಕ್ಸ್‌ಕ್ಯೂಸ್, ಫರ್‌ಗಿವ್, ಪಾರ್ಡನ್, ಆಮ್ನೆಸ್ಟಿ, ರಿಕನ್ಸಿಲಿಯೇಷನ್ ಎಂದು ಬೇರೆ ಬೇರೆ ಪದಗಳಿವೆ. ಆಡುಮಾತಿನಲ್ಲಿ ಅವು ಒಂದರೊಳಗೊಂದು ಬೆರೆಯುವುದುಂಟು. ಆದರೆ ಅವುಗಳ ಅರ್ಥ ಒಂದೇ ಅಲ್ಲ. ಪ್ರಿಯ ಓದುಗರೇ, ಇದು ಭಾಷಾಪಂಡಿತರಿಗೆ ಬಿಟ್ಟ ವಿಚಾರವೆಂದು ಪುಟ ತಿರುವಬೇಡಿ. ಈ ಪದಗಳನ್ನು ಬೆರೆಸಿದ ಕಡೆ ನೊಂದವರಿಗೆ ಅನ್ಯಾಯವಾಗುತ್ತದೆ.

‘ಎಕ್ಸ್‌ಕ್ಯೂಸ್’ ಎಂಬುದು ಲ್ಯಾಟಿನ್ ಮೂಲದ್ದು. ಆಪಾದನೆಯಿಂದ ಹೊರಗಿಡುವುದು ಎಂಬುದು ಅದರ ಮೂಲಾರ್ಥ. ‘ನಿನ್ನದು ತಪ್ಪಲ್ಲ, ಸಂದರ್ಭ ಹಾಗಿತ್ತು’ ಎನ್ನುವ ಮಾತು ಅದು. ‘ಫರ್‌ಗಿವ್’ ಎಂಬುದರೊಳಗೆ ಕೊಡುವುದು ಎಂಬ ಅರ್ಥದ ‘ಗಿವ್’ ಅಡಗಿದೆ. ತಪ್ಪು ನಿಜವಾಗಿಯೂ ತಪ್ಪೇ ಎಂದು ಒಪ್ಪಿಕೊಂಡ ಮೇಲೆಯೇ ಈ ಕೊಡುಗೆಗೆ ಅವಕಾಶ. ತಪ್ಪೇ ಇಲ್ಲದಿದ್ದರೆ ಕ್ಷಮಿಸಲು ಏನಿದೆ? ‘ಪಾರ್ಡನ್’ ವ್ಯುತ್ಪತ್ತಿಯಲ್ಲಿ ಇದಕ್ಕೆ ಸಮೀಪವಾದರೂ ಕಾನೂನಿನಲ್ಲಿ ಅದು ಅಧಿಕಾರಸ್ಥರು ಶಿಕ್ಷೆಯನ್ನು ತೆಗೆದುಹಾಕುವ ಕ್ರಿಯೆ. ನಮ್ಮ ಸಂವಿಧಾನದ 72ನೆಯ ವಿಧಿ ರಾಷ್ಟ್ರಪತಿಗಳಿಗೆ ನೀಡಿರುವುದು ಈ ಅಧಿಕಾರವನ್ನೇ. ‘ಆಮ್ನೆಸ್ಟಿ’ಯ ಗ್ರೀಕ್ ಮೂಲಕ್ಕೆ ಮರೆವು ಎಂದರ್ಥ. ‘ರಿಕನ್ಸಿಲಿಯೇಷನ್’ ಎಂದರೆ ಮುರಿದ ಸಂಬಂಧ ಮತ್ತೆ ಕೂಡುವುದು. ಅದಕ್ಕೆ ಎರಡು ಕೈಗಳು ಬೇಕು.

ಒಂದು ಘಟನೆಯನ್ನು ನೆನೆದರೆ ಈ ಭೇದ ಸ್ಪಷ್ಟವಾಗುತ್ತದೆ. 1981ರ ಮೇ 13ರಂದು ಸಂತ ಪೇತ್ರರ ಚೌಕದಲ್ಲಿ ಮೆಹ್ಮೆತ್ ಅಲಿ ಅಜ್ಜಾ ಎಂಬಾತ ಜಗದ್ಗುರು ಎರಡನೆಯ ಜಾನ್ ಪಾಲ್‌ರ ಮೇಲೆ ಗುಂಡು ಹಾರಿಸಿದ. ನಾಲ್ಕೇ ದಿನಗಳಲ್ಲಿ, ಆಸ್ಪತ್ರೆಯಿಂದಲೇ, ಅವರು ಆತನನ್ನು ಸಹೋದರನೆಂದು ಕರೆದು ಮನಃಪೂರ್ವಕವಾಗಿ ಕ್ಷಮಿಸಿರುವುದಾಗಿ ತಿಳಿಸಿದರು. ಆದರೂ ನ್ಯಾಯಾಲಯ ತನ್ನ ಕೆಲಸ ಮಾಡಿತು. ಆತನಿಗೆ ಜೀವಾವಧಿ ಶಿಕ್ಷೆಯಾಯಿತು. 1983ರ ಡಿಸೆಂಬರ್ 27ರಂದು ಜಗದ್ಗುರುಗಳು ರೋಮಿನ ರೆಬಿಬ್ಬಿಯ ಸೆರೆಮನೆಗೆ ತೆರಳಿ ಆತನ ಎದುರು ಕುಳಿತು ಮಾತನಾಡಿದರು. ಇಟಲಿಯ ರಾಷ್ಟ್ರಾಧ್ಯಕ್ಷ ಚಾಂಪಿಯವರು ಆತನಿಗೆ ಕ್ಷಮಾದಾನ ನೀಡಿದ್ದು 2000ದ ಜೂನ್‌ನಲ್ಲಿ. ಹೃದಯದ ಕ್ಷಮೆಗೆ ನಾಲ್ಕು ದಿನ ಸಾಕಾಯಿತು. ಮುಖಾಮುಖಿಯಾಗಲು ಎರಡೂವರೆ ವರ್ಷ ಹಿಡಿಯಿತು. ರಾಜ್ಯದ ಕ್ಷಮಾದಾನಕ್ಕೆ ಹತ್ತೊಂಬತ್ತು ವರ್ಷ. ಕ್ಷಮಿಸಿದ ದಿನವೇ ಸೆರೆಮನೆಯ ಬಾಗಿಲು ತೆರೆಯಲಿಲ್ಲವೆಂದು ಆ ಕ್ಷಮೆಯನ್ನು ಅರೆಮನಸ್ಸಿನದೆಂದು ಯಾರು ತಾನೇ ಹೇಳಿಯಾರು?

ದಕ್ಷಿಣ ಆಫ್ರಿಕದಲ್ಲಿ ವರ್ಣಭೇದ ನೀತಿ ಕೊನೆಗೊಂಡ ಮೇಲೆ, 1995ರ ಕಾನೂನಿನಂತೆ, ಮಹಾಧರ್ಮಾಧ್ಯಕ್ಷ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯಲ್ಲಿ ಸತ್ಯ ಮತ್ತು ಸಂಧಾನ ಆಯೋಗ ರಚನೆಯಾಯಿತು. ರಾಜಕೀಯ ಉದ್ದೇಶದಿಂದ ಎಸಗಿದ ಅಪರಾಧಗಳ ಸತ್ಯವನ್ನು ಪೂರ್ಣವಾಗಿ ಬಿಚ್ಚಿಟ್ಟವರಿಗೆ ಅಲ್ಲಿ ಆಮ್ನೆಸ್ಟಿ ದೊರೆಯಬಹುದಿತ್ತು. ಪಶ್ಚಾತ್ತಾಪ ವ್ಯಕ್ತಪಡಿಸಲೇಬೇಕೆಂಬ ಷರತ್ತು ಇರಲಿಲ್ಲ. ಮರೆವು ಎಂಬ ಮೂಲಾರ್ಥದ ಪದಕ್ಕೆ ಸತ್ಯದ ನೆನಪನ್ನೇ ಬೆಲೆಯಾಗಿ ಇಟ್ಟದ್ದು ಗಮನಾರ್ಹ. ಆದರೆ ಕಾನೂನು ಬಿಟ್ಟುಕೊಟ್ಟ ಮಾತ್ರಕ್ಕೆ ಮಗನನ್ನು ಕಳೆದುಕೊಂಡ ತಾಯಿಯೂ ಕ್ಷಮಿಸಿದಳೆಂದು ಅರ್ಥವಲ್ಲ. ಅದು ಅವಳೊಬ್ಬಳೇ ಕೊಡಬಹುದಾದ ದಾನ.

ಇಲ್ಲಿಯೇ ನಮ್ಮ ಪ್ರಶ್ನೆಯ ತಿರುಳಿದೆ. ಪ್ರಭು ಕಲಿಸಿದ ಪ್ರಾರ್ಥನೆಯನ್ನು ದಾಖಲಿಸುವಾಗ ಮತ್ತಾಯನು ಪಾಪವನ್ನು ಸಾಲವೆಂಬ ಪದದಿಂದ ಸೂಚಿಸುತ್ತಾನೆ. ಸಾಲವನ್ನು ಮನ್ನಾ ಮಾಡಬಲ್ಲವರು ಯಾರು? ಕೊಟ್ಟವರೇ ಹೊರತು ದಾರಿಹೋಕರಲ್ಲ. ಒಂದು ಅಪರಾಧಕ್ಕೆ ಹಲವರು ಸಾಲಿಗರಿರುತ್ತಾರೆ: ನೊಂದವರು, ಸಮಾಜ, ದೇವರು. ಒಬ್ಬರು ತಮ್ಮ ಪಾಲನ್ನು ಬಿಟ್ಟುಕೊಟ್ಟರೆ ಉಳಿದವರ ಪಾಲು ತಾನಾಗಿ ತೀರುವುದಿಲ್ಲ. ನೊಂದವರ ಪರವಾಗಿ ನಾವು ಕ್ಷಮಿಸಿಬಿಡುವುದೂ ಸಾಧ್ಯವಿಲ್ಲ.

ಆದರೆ ನಮ್ಮ ಮನೆಗಳಲ್ಲಿ, ಧರ್ಮಕೇಂದ್ರಗಳಲ್ಲಿ ನಡೆಯುತ್ತಿರುವುದೇನು? ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದ ಮಗಳಿಗೆ ಹಿರಿಯರು ‘ಕ್ಷಮಿಸಮ್ಮಾ, ಯೇಸುಸ್ವಾಮಿ ಕ್ಷಮಿಸಲಿಲ್ಲವೇ’ ಎನ್ನುತ್ತಾರೆ. ಅವರು ಬಯಸುವುದು ಅವಳ ಹೃದಯದ ಕ್ಷಮೆಯನ್ನು ಮಾತ್ರವಲ್ಲ. ಅವನ ತಪ್ಪು ದೊಡ್ಡದಲ್ಲವೆಂದು ಒಪ್ಪಬೇಕು, ದೂರು ಕೊಡಬಾರದು, ನಡೆದದ್ದನ್ನು ಮರೆಯಬೇಕು, ಇಂದೇ ಗಂಡನ ಮನೆಗೆ ಮರಳಬೇಕು. ಐದು ಬೇಡಿಕೆಗಳನ್ನು ಒಂದೇ ಪವಿತ್ರ ಪದದಲ್ಲಿ ಕಟ್ಟಿ ಅವಳ ತಲೆಯ ಮೇಲೆ ಹೊರಿಸುತ್ತಾರೆ. ಸಂಸ್ಕೃತದಲ್ಲಿ ‘ಕ್ಷಮ್’ ಧಾತುವಿಗೆ ಸಹಿಸು ಎಂಬ ಅರ್ಥವಿದೆ. ‘ಕ್ಷಮಾ’ ಎಂಬುದು ಭೂಮಿಗೂ ಹೆಸರು. ಹೆಣ್ಣನ್ನು ಭೂಮಿಗೆ ಹೋಲಿಸಿ ಹೊಗಳುವ ನಮ್ಮಲ್ಲಿ ‘ಕ್ಷಮಿಸು’ ಎಂಬ ಉಪದೇಶ ಬಹುಬೇಗ ‘ತಾಳಿಕೋ’ ಎಂಬ ಆಜ್ಞೆಯಾಗಿ ಮಾರ್ಪಡುತ್ತದೆ.

ಶುಭಸಂದೇಶ ಹೀಗೆ ಬೋಧಿಸುವುದಿಲ್ಲ. ಲೂಕನ ಹತ್ತೊಂಬತ್ತನೆಯ ಅಧ್ಯಾಯದ ಜಕ್ಕಾಯನನ್ನು ನೋಡಿ. ಸ್ವಾಮಿ ಅವನ ಮನೆಗೆ ತಾವಾಗಿ ಹೋದರು. ಆ ಪ್ರೀತಿಯನ್ನು ಸವಿದವನು ಹಳೆಯದನ್ನು ಮರೆತುಬಿಡಿ ಎನ್ನಲಿಲ್ಲ. ಮೋಸದಿಂದ ಪಡೆದದ್ದಕ್ಕೆ ನಾಲ್ಕು ಪಟ್ಟು ಹಿಂದಿರುಗಿಸುವುದಾಗಿ ನುಡಿದ. ಕರುಣೆ ನ್ಯಾಯವನ್ನು ಅಳಿಸಲಿಲ್ಲ, ಎಚ್ಚರಿಸಿತು.

ಹಾಗಾದರೆ ಕ್ಷಮೆ ಅಗ್ಗವಾಯಿತೇ? ಇಲ್ಲ, ಅದರ ನಿಜವಾದ ಬೆಲೆ ಈಗ ತಿಳಿಯುತ್ತದೆ. ಕ್ಷಮಿಸುವುದೆಂದರೆ ದ್ವೇಷವನ್ನೂ ಸೇಡನ್ನೂ ಬಿಟ್ಟುಕೊಡುವುದು, ಕೇಡೆಸಗಿದವನ ಒಳಿತಿಗಾಗಿ ಪ್ರಾರ್ಥಿಸುವುದು. ಇದಕ್ಕೆ ನಾವೆಲ್ಲರೂ ಕರೆಯಲ್ಪಟ್ಟಿದ್ದೇವೆ. ಇದರಿಂದ ವಿನಾಯಿತಿ ಯಾರಿಗೂ ಇಲ್ಲ. ಆದರೆ ಸುಳ್ಳಾಡುವುದಕ್ಕೆ, ಮತ್ತೆ ಹೊಡೆತಕ್ಕೆ ಬೆನ್ನೊಡ್ಡುವುದಕ್ಕೆ, ನ್ಯಾಯವನ್ನು ಮುಚ್ಚಿಡುವುದಕ್ಕೆ ನಮ್ಮನ್ನು ಯಾರೂ ಕರೆದಿಲ್ಲ. ಮುಂದಿನ ಬಾರಿ ನೊಂದವರೊಬ್ಬರಿಗೆ ‘ಕ್ಷಮಿಸಿ’ ಎಂದು ಬುದ್ಧಿ ಹೇಳುವ ಮುನ್ನ, ಅವರಿಂದ ಇವುಗಳಲ್ಲಿ ಯಾವುದನ್ನು ಕೇಳುತ್ತಿದ್ದೇವೆ, ಯಾರ ಹಿತಕ್ಕಾಗಿ ಕೇಳುತ್ತಿದ್ದೇವೆ ಎಂದು ನಮ್ಮ ಮನಸ್ಸಾಕ್ಷಿಯನ್ನು ವಿಚಾರಿಸಿಕೊಳ್ಳೋಣ.