ಹಗ್ಗದ ಇನ್ನೊಂದು ತುದಿ

ರಾಯಬಾಗ ತಾಲೂಕಿನ ಅಲಖನೂರ ಕಬ್ಬಿನ ಸೀಮೆಯ ಊರು. ಅಲ್ಲಿನ ಪರಿಚಿತರೊಬ್ಬರ ಮಗ ಕಾಲೇಜು ಗೆಳೆಯರೊಂದಿಗೆ ಬಾದಾಮಿಗೆ ಹೋಗಿ ಕೆಂಪು ಮರಳುಗಲ್ಲಿನ ಬಂಡೆ ಹತ್ತಲು ಕಲಿತು ಬಂದ. ತಂದೆಗೆ ಸಂತೋಷಕ್ಕಿಂತ ಆತಂಕವೇ ಹೆಚ್ಚು. "ಹತ್ತೂದು ಕಲಸ್ತಾರಂತ್ರಿ, ಖರೆ. ನಡುವ ಸಿಕ್ಕೊಂಡ್ರ ಹ್ಯಾಂಗ ಪಾರಾಗೂದು ಅನ್ನೂದ ಕಲಸ್ತಾರೇನು?" ಎಂದು ನನ್ನನ್ನು ಕೇಳಿದರು.

ಅವರ ಆತಂಕಕ್ಕೆ ಕಾರಣವಿತ್ತು. 2022ರ ಫೆಬ್ರವರಿಯಲ್ಲಿ ಕೇರಳದ ಮಲಂಪುಳದ ಬೆಟ್ಟವೊಂದರ ಕಡಿದಾದ ಬಂಡೆಯ ಪೊಟರೆಯಲ್ಲಿ ಸಿಕ್ಕಿಬಿದ್ದ ಯುವಕನನ್ನು ಸೇನೆಯವರು ಸುಮಾರು 45 ಗಂಟೆಗಳ ಬಳಿಕ ಮೇಲೆತ್ತಿದರು. ಅದೇ ತಿಂಗಳ 20ರಂದು ನಮ್ಮ ನಂದಿಬೆಟ್ಟದಲ್ಲಿ ಸುಮಾರು 300 ಅಡಿ ಕೆಳಗೆ ಜಾರಿ ಸಿಲುಕಿದ 19 ವರ್ಷದ ವಿದ್ಯಾರ್ಥಿಯನ್ನು ವಾಯುಪಡೆಯ ಹೆಲಿಕಾಪ್ಟರ್ ಎತ್ತಿ ತಂದಿತು. ಎರಡೂ ಸಲ ಜನ ಮೊದಲು ಕೇಳಿದ್ದು "ಅಲ್ಲಿಗೆ ಹೋದದ್ದೇಕೆ?" ಎಂದು. ಮನೆಯಲ್ಲಿ ಕುಳಿತವರಿಗೆ ಸುಲಭದ ಪ್ರಶ್ನೆ ಅದು. ಯುವಕರು ಹೋಗಿಯೇ ಹೋಗುತ್ತಾರೆ. ಹೋಗುವವನು ಏನನ್ನು ಕಲಿತಿರಬೇಕು ಎಂದು ಕೇಳಿದ್ದು ಆ ತಂದೆ ಮಾತ್ರ.

ಬಂಡೆ ಹತ್ತುವವರ ಪಾಠದಲ್ಲಿ 'ಸ್ವಯಂ ರಕ್ಷಣೆ' ಎಂಬ ಭಾಗವೊಂದಿದೆ. ಹೆಸರು ಕೇಳಿದರೆ ತನ್ನ ಜೀವ ಉಳಿಸಿಕೊಳ್ಳುವ ಸ್ವಾರ್ಥದ ವಿದ್ಯೆ ಎನಿಸುತ್ತದೆ. ನನಗೂ ಹಾಗೆಯೇ ಅನಿಸಿತ್ತು. ಆ ಹುಡುಗ ವಿವರಿಸಿದ ಮೇಲೆ ಅಭಿಪ್ರಾಯ ಬದಲಾಯಿತು. ಒಬ್ಬ ಹತ್ತುತ್ತಾನೆ, ಕೆಳಗೆ ನಿಂತವನು ಸೊಂಟದ ಪಟ್ಟಿಗೆ ಸಿಕ್ಕಿಸಿದ ಸಾಧನದ ಮೂಲಕ ಅವನ ಹಗ್ಗ ಹಿಡಿದಿರುತ್ತಾನೆ. ಮೇಲಿನವನು ಬಿದ್ದು ಪ್ರಜ್ಞೆ ತಪ್ಪಿ ನೇತಾಡುತ್ತಿದ್ದಾನೆ ಎನ್ನಿ. ಕೆಳಗಿನವನು ಕೈ ಬಿಟ್ಟರೆ ಗೆಳೆಯ ಸಾಯುತ್ತಾನೆ. ಬಿಡದಿದ್ದರೆ ತಾನು ನಿಂತಲ್ಲಿಂದ ಕದಲುವಂತಿಲ್ಲ, ಸಹಾಯ ಕರೆಯಲೂ ಹೋಗುವಂತಿಲ್ಲ. ಆಗ ಅವನು ಸಾಧನದ ಬಳಿಯೇ ಹಗ್ಗಕ್ಕೆ ಗಂಟು ಹಾಕಿ ಮೊದಲು ಕೈಗಳನ್ನು ಬಿಡಿಸಿಕೊಳ್ಳಬೇಕು. ಬಳಿಕ ಭಾರ ಹೊತ್ತ ಹಗ್ಗಕ್ಕೆ ತೆಳ್ಳನೆಯ ದಾರದಿಂದ ಪ್ರೂಸಿಕ್ ಗಂಟು ಸುತ್ತಿ, ಅದನ್ನು ಬಂಡೆಯಲ್ಲಿ ಭದ್ರಪಡಿಸಿದ ಆಧಾರಕ್ಕೆ ಜೋಡಿಸಿ, ಗೆಳೆಯನ ಭಾರವನ್ನು ನಿಧಾನವಾಗಿ ಅದರ ಮೇಲೆ ಬಿಡಬೇಕು. ಹಗ್ಗವನ್ನೂ ಆ ಆಧಾರಕ್ಕೆ ಕಟ್ಟಿದ ಮೇಲೆ ಅವನಿಗೆ ಬಿಡುಗಡೆ. ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ 1931ರಲ್ಲಿ ಪರಿಚಯಿಸಿದ ಈ ಗಂಟು ಭಾರವಿಲ್ಲದಾಗ ಕೈಯಿಂದ ಸರಿಯುತ್ತದೆ, ಭಾರ ಬಿದ್ದೊಡನೆ ಹಗ್ಗವನ್ನು ಬಿಗಿಯಾಗಿ ಕಚ್ಚುತ್ತದೆ. ಅಂದರೆ, ತನ್ನನ್ನು ಬಿಡಿಸಿಕೊಳ್ಳುವ ಈ ವಿದ್ಯೆ ಇನ್ನೊಬ್ಬನ ಬಳಿ ತಲುಪುವುದಕ್ಕಾಗಿಯೇ ಇರುವಂಥದ್ದು. ಅದನ್ನು ಕಲಿಯದೆ ಹಗ್ಗ ಹಿಡಿಯುವುದು ಗೆಳೆಯನ ಹಕ್ಕಿಗೆ ಎಸಗುವ ಅನ್ಯಾಯ ಎನ್ನದೆ ವಿಧಿಯಿಲ್ಲ.

"ಆಯುಷ್ಯ ಅಲ್ಲಾಹನ ಕೈಯಲ್ಲಿರುವಾಗ ಇಷ್ಟೆಲ್ಲ ಗಂಟು ಯಾಕೆ?" ಎಂದು ಹಿರಿಯರೊಬ್ಬರು ನಕ್ಕರು. ಒಂಟೆಯನ್ನು ಕಟ್ಟಲೋ, ಅಥವಾ ಬಿಟ್ಟು ಭರವಸೆ ಇಡಲೋ ಎಂದು ಕೇಳಿದವನಿಗೆ ಪ್ರವಾದಿ ಮುಹಮ್ಮದ್(ಸ) ಕಟ್ಟಿ ಭರವಸೆ ಇಡು ಎಂಬರ್ಥದ ಉತ್ತರ ಕೊಟ್ಟದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ನಾವು ಅದನ್ನು ಒಂಟೆಗೆ ಮಾತ್ರ ಅನ್ವಯಿಸುತ್ತೇವೆ. ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದಲ್ಲ. ಕಟ್ಟುವುದು ನಮ್ಮ ಪಾಲಿನ ಕೆಲಸ, ಫಲ ನಮ್ಮದಲ್ಲ.

ಫಲ ನಮ್ಮದಲ್ಲ ಎಂಬುದಕ್ಕೆ 1985ರಲ್ಲಿ ಪೆರುವಿನ ಸಿಯುಲಾ ಗ್ರಾಂಡೆ ಪರ್ವತದಲ್ಲಿ ನಡೆದದ್ದೇ ಸಾಕ್ಷಿ. ಇಳಿಯುವಾಗ ಜೋ ಸಿಂಪ್ಸನ್‌ರ ಕಾಲು ಮುರಿಯಿತು. ಜೊತೆಗಾರ ಸೈಮನ್ ಯೇಟ್ಸ್ ಹಿಮಬಿರುಗಾಳಿಯಲ್ಲಿ ಅವರನ್ನು ಹಗ್ಗದಿಂದ ಇಳಿಸುತ್ತಾ ಬಂದರು. ಕತ್ತಲಲ್ಲಿ ಸಿಂಪ್ಸನ್ ಅಂಚು ದಾಟಿ ಶೂನ್ಯದಲ್ಲಿ ನೇತಾಡಿದರು. ಪ್ರೂಸಿಕ್ ಗಂಟು ಅವರಿಗೆ ಗೊತ್ತಿತ್ತು. ಆದರೆ ಹಿಮಗಟ್ಟಿದ ಬೆರಳುಗಳಿಂದ ಒಂದು ದಾರ ಜಾರಿ ಬಿತ್ತು. ಮೇಲೆ ಯೇಟ್ಸ್ ಕುಳಿತ ಹಿಮವೇ ಕುಸಿಯುತ್ತಿತ್ತು. ಕೊನೆಗೆ ಅವರು ಹಗ್ಗ ಕತ್ತರಿಸಿದರು. ಸಿಂಪ್ಸನ್ ಹಿಮಬಿರುಕಿಗೆ ಬಿದ್ದರೂ ಬದುಕಿ, ದಿನಗಟ್ಟಲೆ ತೆವಳಿ ಶಿಬಿರ ಸೇರಿದರು. ಜಗತ್ತು ಯೇಟ್ಸ್‌ರನ್ನು ದೂಷಿಸಿದಾಗ ಅವರ ಪರ ನಿಂತವರು ಅದೇ ಸಿಂಪ್ಸನ್. ನನಗೂ ಯೇಟ್ಸ್ ತಪ್ಪಿತಸ್ಥರೆನಿಸುವುದಿಲ್ಲ. ಬಲ್ಲದ್ದನ್ನೆಲ್ಲ ಮಾಡಿ ಸೋತವನೂ ಏನನ್ನೂ ಕಲಿಯದೆ ಸೋತವನೂ ಒಂದೇ ಅಲ್ಲವಷ್ಟೆ.

ಕಲಿತವನಿಗೆ ಧೈರ್ಯ ಹೆಚ್ಚಿ ಇನ್ನೂ ಅಪಾಯದ ಬಂಡೆಗೆ ಹೋದಾನು ಎಂಬ ಭಯ ಸುಳ್ಳಲ್ಲ. ಈಜು ಬಲ್ಲವರೂ ಬಾವಿಯಲ್ಲಿ ಮುಳುಗಿದ್ದಾರೆ. ಹಾಗೆಂದು ಮಕ್ಕಳಿಗೆ ಈಜು ಕಲಿಸುವುದನ್ನು ನಾವು ನಿಲ್ಲಿಸಲಿಲ್ಲ. ಮಲಂಪುಳಕ್ಕೂ ನಂದಿಬೆಟ್ಟಕ್ಕೂ ಬಂದ ಸೈನಿಕರಿಗೂ ತಾಯಂದಿರಿದ್ದಾರೆ. ಹತ್ತುವವನು ಗಂಟು ಕಲಿಯದೆ ಹೋದರೆ ಆ ಅಪಾಯ ಇಲ್ಲವಾಗುವುದಿಲ್ಲ, ಅವರ ಮೈಮೇಲೆ ಹೋಗುತ್ತದೆ.

ಕಳೆದ ಸಲ ಅಲಖನೂರಕ್ಕೆ ಹೋದಾಗ ಹುಡುಗ ಅಂಗಳದ ಬೇವಿನ ಟೊಂಗೆಯ ಮೇಲಿಂದ ಹಗ್ಗ ಹಾಯಿಸಿ ಜೋಳದ ಚೀಲವೊಂದನ್ನು ತೂಗುಹಾಕಿದ್ದ. ಅದರ ಭಾರವನ್ನು ತನ್ನ ಸೊಂಟದಿಂದ ಮರದ ಬುಡಕ್ಕೆ ದಾಟಿಸುತ್ತಿದ್ದ. ಎರಡು ಸಲ ಚೀಲ ಧೊಪ್ಪನೆ ನೆಲಕ್ಕೆ ಬಿತ್ತು. ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ ತಂದೆ ಮೂರನೆಯ ಸಲಕ್ಕೆ ಎದ್ದು ಬಂದು, "ಆ ಸಣ್ಣ ಗಂಟ ಹ್ಯಾಂಗ ಸುತ್ತೂದು, ನನಗೊಮ್ಮೆ ತೋರಸೋ" ಎಂದರು.